“60 ದಿನದ ಹೂಕೋಸು” ಅಂದರೆ ಸಸಿಯ ಬೇರು ನೋಡದೆ ದುಡ್ಡು ಕೊಡಬೇಡಿ

ಭತ್ತ ಕೊಯ್ದ ಗದ್ದೆಗೆ ಈ ಮಾಗಿಯಲ್ಲಿ ಹೂಕೋಸು ಹಾಕೋಣ ಅಂತಿರುವ ಮಂಡ್ಯ ಕಡೆಯವರು ಇದನ್ನು ಓದಿ. ನಾನು 10 ಗುಂಟೆ ಹಾಕಿ ಕೈ ಸುಟ್ಟುಕೊಂಡಿದ್ದೇನೆ.

ನಮ್ಮಲ್ಲಿ ಕೊಯ್ಲು ಮುಗಿದಾಗ ಡಿಸೆಂಬರ್ ಮೊದಲ ವಾರ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ, ಗೊತ್ತಲ್ಲ. ಅಷ್ಟರೊಳಗೆ ಕೈಗೆ ಬರುವ ತಳಿ ಬೇಕಿತ್ತು. “60 ದಿನದ್ದಿದೆ ಅಣ್ಣ, ತಗೊಂಡೋಗಿ” ಅಂದರು ನರ್ಸರಿಯವರು. 3,500 ಸಸಿ ತಂದೆ. ಉದ್ದಕ್ಕೆ ಬೆಳೆದಿದ್ದವು, ಕಾಂಡ ಗಟ್ಟಿ. ಚೆನ್ನಾಗಿ ಬಲಿತಿವೆ ಅಂತ ಖುಷಿಪಟ್ಟೆ. ಎಡವಿದ್ದೇ ಅಲ್ಲಿ.

ಸಂಕ್ರಾಂತಿಯ ಹೊತ್ತಿಗೆ ಗಿಡ ಇನ್ನೂ ಗೇಣುದ್ದ. ನಡುವೆ ನಿಂಬೆಹಣ್ಣಿನಷ್ಟು ಹೂ! ಬೇಗ ಬಂತಲ್ಲ ಅಂದುಕೊಂಡು ಯೂರಿಯಾ ಕೊಟ್ಟೆ, ಕಾದೆ. ಹೂ ಬಿಡಿಬಿಡಿಯಾಗಿ ಹಳದಿಗೆ ತಿರುಗಿತೇ ಹೊರತು ದಪ್ಪ ಆಗಲಿಲ್ಲ. ಅವ್ವ ಎರಡು ಕಿತ್ತು ಅಂಗೈಲಿಟ್ಟುಕೊಂಡು, “ಇದನ್ನ ಸಾರಿಗೆ ಹಾಕೋದಾ, ಮುಡಿಯೋದಾ ಮಗ?” ಅಂದಳು.

ಗಿಡ ಬೆಳೆಯುವ ಮೊದಲೇ ಹೀಗೆ ಅಂಗಿ ಗುಂಡಿಯಂಥ ಪುಟ್ಟ ಹೂ ಬರುವುದಕ್ಕೆ ಗುಂಡಿ ಕಟ್ಟುವುದು (ಬಟನಿಂಗ್) ಅನ್ನುತ್ತಾರೆ. ಹೂ ಹುಟ್ಟಿದ ಮೇಲೆ ಗಿಡ ಹೊಸ ಎಲೆ ಬಿಡುವುದಿಲ್ಲ. ಇರುವ ನಾಲ್ಕು ಎಲೆ ಹೂವನ್ನು ಎಷ್ಟು ಸಾಕೀತು? ಆಮೇಲೆ ಗೊಬ್ಬರ ಸುರಿದರೆ ದುಡ್ಡು ದಂಡ.

ಯಾಕೆ ಹೀಗಾಯಿತು ಅಂತ ತಿಳಿದವರನ್ನು ಕೇಳಿದೆ. ಬೇಗ ಬರುವ ತಳಿ ಅಂದರೆ ಚಳಿಗಾಲದ ತಳಿ ಅಂತ ನಾನು ಅಂದುಕೊಂಡಿದ್ದೆ. ಹೂಕೋಸಿನಲ್ಲಿ ಅದು ಉಲ್ಟಾ. ಬೇಗ ಬರುವವು ಬೆಚ್ಚಗಿನ ಕಾಲಕ್ಕೆ ಮಾಡಿದವು, 20ರಿಂದ 27 ಡಿಗ್ರಿಯಲ್ಲೂ ಹೂ ಕಟ್ಟುತ್ತವೆ. ಅದಕ್ಕಿಂತ ತಂಪು ಸಿಕ್ಕರೆ ಎಲೆ ತುಂಬುವ ಮೊದಲೇ ಅವಸರ ಮಾಡುತ್ತವೆ. ಹಾಗಂತ ತೀರಾ ತಡವಾಗಿ ಬರುವ ತಳಿ ತಂದರೂ ಕಷ್ಟ. ಅವಕ್ಕೆ 10ರಿಂದ 16 ಡಿಗ್ರಿ ಬೇಕು. ನಮ್ಮ ಬಿಸಿಲಿಗೆ ಬರೀ ಸೊಪ್ಪು ಬೆಳೆಯುತ್ತದೆ, ಹಸುವಿಗೆ ಹಬ್ಬ. ಆದ್ದರಿಂದ ಎಷ್ಟು ದಿನದ್ದು ಅಂತ ಕೇಳುವ ಮೊದಲು, ಯಾವ ತಿಂಗಳ ನಾಟಿಯದ್ದು ಅಂತ ಕೇಳಿ. ಆ 60 ದಿನವನ್ನೂ ನಾಟಿಯಿಂದ ಎಣಿಸುತ್ತಾರೆ, ಬಿತ್ತಿದ ದಿನದಿಂದ ಅಲ್ಲ.

ತಳಿಗಿಂತ ಜಾಸ್ತಿ ಕೆಡಿಸಿದ್ದು ಸಸಿಯ ವಯಸ್ಸು ಅಂತ ನನಗನ್ನಿಸುತ್ತದೆ. 25–30 ದಿನದ, ನಾಲ್ಕೈದು ಎಲೆಯ ಸಸಿ ನಾಟಿಗೆ ಸರಿ. ನಾನು ತಂದದ್ದು 48 ದಿನದ್ದು ಅಂತ ಅಲ್ಲಿನ ಕೆಲಸದ ಹುಡುಗ ಆಮೇಲೆ ಬಾಯಿಬಿಟ್ಟ. ಟ್ರೇಯಿಂದ ಒಂದು ಸಸಿ ಕಿತ್ತು ನೋಡಿದ್ದರೆ ಸಾಕಿತ್ತು. ಬೇರು ಬೆಳ್ಳಗಿರಬೇಕು. ಕಂದಾಗಿ ಸಿಂಬೆಯ ಹಾಗೆ ಸುತ್ತಿಕೊಂಡಿದ್ದರೆ ಪುಕ್ಕಟೆ ಕೊಟ್ಟರೂ ಬೇಡ ಅನ್ನಿ.

ನನ್ನ ತಪ್ಪೂ ಇದೆ. ಕೂಳೆ, ಅಂದರೆ ಕೊಯ್ದ ಭತ್ತದ ಉಳಿದ ಬುಡ, ಉತ್ತು ವಾರಕ್ಕೇ ನಾಟಿ ಮಾಡಿದೆ. ಕೂಳೆ ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಎಳೆದುಕೊಳ್ಳುತ್ತದೆ. ಗಿಡಕ್ಕೆ ಬೇಕಾದಾಗಲೇ ಸಿಗಲಿಲ್ಲ. ಯೂರಿಯಾ ಕೊಡಬೇಕಿದ್ದದ್ದು ಆಗ.

ಮತ್ತೆ ಬಿಲ್. ತಳಿಯ ಹೆಸರು, ಲಾಟ್ ನಂಬರ್, ಬಿತ್ತಿದ ತಾರೀಖು ಬರೆಸಿಕೊಳ್ಳಿ. ನಾನು ಜಗಳಕ್ಕೆ ಹೋದಾಗ ಚೀಟಿ ತೋರಿಸಿ ಅಂದರು. ಜೇಬಿನಿಂದ ತೆಗೆದೆ. ಅದರಲ್ಲಿ “ಕೋಸು 3500” ಅಂತ ಮಾತ್ರ ಇತ್ತು.