ಅವ್ವನ ಸಲುವಾಗಿ ಪಿಕ್ಚರ್ ನೋಡೂ ಪ್ಲೇಯರ್ ತೊಗೊಂಡೆವಿ: ಡಬ್ಬಿ ಮ್ಯಾಲಿನ ನಂಬರ್ ಬಿಡ್ರಿ, ನಿಮ್ಮ ಪೆನ್‌ಡ್ರೈವ್ ಅಂಗಡಿಗೆ ಒಯ್ರಿ

ಹೋದ ವರ್ಷ ದೀಪಾವಳಿ ಸೂಟಿಯೊಳಗ ರೈಲಿನ್ಯಾಗ ಗೋವಾಕ್ಕ ಹೊಂಟಿದ್ವಿ, ನಾನು, ಮನಿಯವ್ರು, ಮಗಳು, ನಮ್ಮವ್ವ. ಹುಬ್ಬಳ್ಳಿ ಬಿಟ್ಟು ಧಾರವಾಡ, ಅಳ್ನಾವರ ದಾಟಿ ಲೋಂಡಾ ಬರೂತನಾ ಎಲ್ಲಾ ಬರೋಬರಿ ನಡದಿತ್ತು, ಕ್ಯಾಸಲ್‌ರಾಕ್ ಬಂತು ನೆಟ್‌ವರ್ಕ್ ಹೋತು. ಅಲ್ಲಿಂದ ಕುಳೇಂ ತನಕ ಬರೇ ಘಾಟು, ಕಾಡು, ಸುರಂಗ. ಅವ್ವ ನನ್ನ ಮೊಬೈಲಿನ್ಯಾಗ ಬಿಜಾಪುರದ ಸಿದ್ಧೇಶ್ವರ ಅಪ್ಪಾರ ಪ್ರವಚನ ಕೇಳ್ಕೋತ ಕುಂತಿದ್ಲು, ಅದು ನಡು ಮಾತಿನ್ಯಾಗ ನಿಂತು ಗಿರಗಿರ ತಿರಗಾಕ ಹತ್ತಿತು. ಮಗಳು ಮನಿಯಿಂದನ ಪಿಕ್ಚರ್ ಡೌನ್‌ಲೋಡ್ ಮಾಡ್ಕೊಂಡು ಬಂದಿದ್ಲು, ಆದ್ರ ಆ್ಯಪ್ ತೆರದ್ರ ಒಂದ್ ಸಲ ನೆಟ್‌ಗೆ ಕನೆಕ್ಟ್ ಆಗ್ರಿ ಅಂತ ತೋರಸ್ತು, ಘಾಟಿನ ನಡುವ ಎಲ್ಲಿಂದ ಕನೆಕ್ಟ್ ಆಗೋದು ಹೇಳ್ರಿ. ದೂಧಸಾಗರ ಕಾಣೂ ಹೊತ್ತಿನ್ಯಾಗ ಕಿಟಕಿನ ಸಾಕು ಬಿಡ್ರಿ, ಉಳದ ದಾರಿಯೊಳಗ ಅವ್ವ ಎರಡ ಸಲ ಕೇಳಿದ್ಲು, "ಅಪ್ಪಾರ ಮಾತು ಮುಂದ ಬರಂಗಿಲ್ಲೇನ ಇನ್ನ?" ಅಂತ. ಅದು ನನಗ ಮನಸಿಗೆ ಹತ್ತಿತು.

ಈ ವರ್ಷ ತಮ್ಮನ ಮನಿಗೆ ದಿಲ್ಲಿಗೆ ಹೋಗೋದಿತ್ತು, ಸಂಪರ್ಕ ಕ್ರಾಂತಿ ರೈಲಿನ್ಯಾಗ ಎರಡ ರಾತ್ರಿ ಮತ್ತ ನಡುವ ಪೂರ್ತಿ ಒಂದ್ ಹಗಲು. ಅವ್ವಗ 74. ಓದಾಕ ಕಣ್ಣು ಕೂಡಂಗಿಲ್ಲ, ಕುಂತಲ್ಲೇ ಕುಂತ್ರ ಮೊಳಕಾಲು ನೋವು, ಅದಕ್ಕ ಮಲಕ್ಕೊಂಡು ಏನರ ನೋಡ್ಕೋತ ಹೋಗೂವಂಗ ನೆಟ್ ಬೇಡದ್ದು ಒಂದ್ ಪ್ಲೇಯರ್ ಬೇಕು ಅಂತ ನಿರ್ಧಾರ ಮಾಡಿದ್ವಿ.

ಮೊದ್ಲ ಎಲ್ಲಾರೂ ಹೇಳಿದ್ದು ಟ್ಯಾಬ್ ತೊಗೋರಿ ಅಂತ. ಮಗಳದ ಒಂದ್ 8 ಇಂಚಿನ ಟ್ಯಾಬ್ ಮನಿಯಾಗ ಐತಿ, ಚೊಲೊ ಐತಿ, ಮೆಮೊರಿ ಕಾರ್ಡ್ ಹಾಕಿ ವಿಎಲ್‌ಸಿ ಅನ್ನೂ ವಿಡಿಯೊ ಆ್ಯಪ್ ಹಾಕ್ಕೊಂಡ್ರ ಯಾವ ಫೈಲ್ ಕೊಟ್ರೂ ನಡಸ್ತೈತಿ. ಅದನ್ನ ಅವ್ವನ ಕೈಯಾಗ ಎಂಟ ದಿವಸ ಕೊಟ್ಟು ನೋಡ್ದೆ. ಅಕಿ ಬೆರಳು ಅಂಚಿಗೆ ತಾಕಿದ್ರ ಸಾಕು ಪಿಕ್ಚರ್ ಹೋಗಿ ಬ್ಯಾರೆ ಏನೋ ಬರ್ತಿತ್ತು, ಧ್ವನಿ ಏರಸಾಕ ಹೋದ್ರ ಮುಂದಕ್ಕ ಓಡ್ತಿತ್ತು, ಪ್ರತಿ ಸಲ ಮೊಮ್ಮಗಳನ್ನ ಕರೀಬೇಕು, ಮೂರನೇ ದಿವಸಕ್ಕ ಕರಿಯೋದನ್ನ ಬಿಟ್ಟು ಟ್ಯಾಬ್ ಬಾಜೂಕ ಇಟ್ಟು ಸುಮ್ಮನ ಕುಂತಿದ್ಲು. ಮನಿಯೊಳಗ ಹಿಂಗಾದ್ರ ಅಲುಗಾಡೂ ಗಾಡಿಯೊಳಗ ಹೆಂಗ? ಅದಕ್ಕ ಒತ್ತೂ ಬಟನ್ ಇರೂವಂಥಾದ್ದು, ರಿಮೋಟ್ ಇರೂವಂಥಾದ್ದು, ಅಂದ್ರ ಸ್ಕ್ರೀನ್ ಜೊತಿಗೇ ಇರೂ ಪೋರ್ಟೆಬಲ್ ಡಿವಿಡಿ ಪ್ಲೇಯರ್, ಅದನ್ನ ಹುಡುಕೋಣು ಅಂದ್ವಿ. ಇದು ಹಳೇ ಸಾಮಾನು ಅಂತ ಭಾಳ ಮಂದಿ ಅಂದ್ರು. ಇರ್ಲಿ, ಅವ್ವಗ ಬೇಕಾದ್ದು ಅದ.

ಮೊದಲನೇದು ಕೊಪ್ಪೀಕರ ರೋಡಿನ ಒಂದ್ ಅಂಗಡಿಯೊಳಗ ತೊಗೊಂಡ್ವಿ, 7 ಇಂಚು, 3,900 ರೂಪಾಯಿ. ಡಬ್ಬಿ ಮ್ಯಾಲೆ ದೊಡ್ಡದಾಗಿ ಎಚ್‌ಡಿ ಅಂತ, 1080 ಸಪೋರ್ಟ್ ಅಂತ ಬರದಿತ್ತು. ಹಚ್ಚಿ ತೋರಸ್ರಿ ಅಂದ್ರ "ನಮ್ಮಲ್ಲಿ ಡೆಮೊ ಇಲ್ರಿ ಅಕ್ಕಾರ, ಡಬ್ಬಿ ಒಡದ್ರ ತೊಗೊಳಾಕಬೇಕು" ಅಂದ. ಅವತ್ತ ಎದ್ದು ಬರಬೇಕಿತ್ತು. ಮನಿಗೆ ತಂದು ಹಚ್ಚಿದ್ರ ಟೈಟಲ್ ಅಕ್ಷರ ಒಡದ ಗಾಜಿನಂಗ ಕಾಣಸ್ತಾವ, ಹೆಸರು ಓದಾಕ ಬರಂಗಿಲ್ಲ. ಡಬ್ಬಿಯೊಳಗಿನ ಚೀಟಿ ತೆರದು ಸಣ್ಣ ಅಕ್ಷರದಾಗ ನೋಡಿದ್ರ ಸ್ಕ್ರೀನು 480 ಗುಣಿಲೆ 234 ಅಂತ ಐತಿ, ಅಂದ್ರ ಅಡ್ಡಕ್ಕ 480 ಚುಕ್ಕಿ, ಮ್ಯಾಲಿಂದ ಕೆಳಗ 234 ಚುಕ್ಕಿ. 1080 ಅನ್ನೋದು ಅಂಥಾ ಫೈಲ್ ಕೊಟ್ರ ತೊಗೋತೈತಿ ಅಂತ ಅಷ್ಟ, ಅಷ್ಟು ತೋರಸ್ತೈತಿ ಅಂತ ಅಲ್ಲ. ಲೆಕ್ಕಾ ಹಾಕಿ ನೋಡ್ರಿ, ನಮ್ಮ ಕಡೆ ಸಿಗೂ ಡಿವಿಡಿಯೊಳಗ ಚಿತ್ರ ಇರೋದು 720 ಗುಣಿಲೆ 576, ಅಂದ್ರ ಆ ಸ್ಕ್ರೀನು ಡಿವಿಡಿಯೊಳಗ ಇದ್ದದ್ದನ್ನೂ ಪೂರ್ತಿ ತೋರಸಂಗಿಲ್ಲ. ಹಳೇ ವಿಸಿಡಿ ಆದ್ರ 352 ಗುಣಿಲೆ 288 ಇರ್ತೈತಿ, ಅದಕ್ಕ ಹೆಂಗೋ ನಡೀತೈತಿ. ನಿಮ್ಮಲ್ಲಿ ಇರೋದು ಬರೇ ಬಸ್‌ಸ್ಟ್ಯಾಂಡಿನ್ಯಾಗ ತೊಗೊಂಡ ನಾಟಕದ ವಿಸಿಡಿ ಅಂದ್ರ ಸಣ್ಣ ಪ್ಲೇಯರ್ ತೊಗೋರಿ, ಬ್ಯಾಡ ಅನ್ನಂಗಿಲ್ಲ. ನಾನು ಆ ಪ್ಲೇಯರ್ ಗದಗಿನ ಚಿಕ್ಕವ್ವಗ ಕೊಟ್ಟೆ, ಅಂಗಡಿಯವ ವಾಪಸ್ ತೊಗೊಳ್ಳಲಿಲ್ಲ.

ಆದ್ರ ಅಕ್ಷರ ಒಡಿಯೋದು ದೊಡ್ಡ ಮಾತಲ್ಲ, ಅದರಗಿಂತ ದೊಡ್ಡ ತ್ರಾಸ ಒಂದ್ ಇತ್ತು, ಅದನ್ನ ಯಾರೂ ಹೇಳಂಗಿಲ್ಲ, ಅದಕ್ಕ ಇಲ್ಲಿ ಜರಾ ಬಿಡಿಸಿ ಹೇಳ್ತೀನಿ. ಅವ್ವ ಮಂಚದ ಮ್ಯಾಲೆ ಮಲಕ್ಕೊಂಡು, ಪ್ಲೇಯರ್ ಸ್ಟೂಲಿನ ಮ್ಯಾಲೆ ಇಟ್ಟು ಕೆಳಗಿಂದ ನೋಡಿದ್ಲು. ಎರಡ ನಿಮಿಷಕ್ಕ "ಇದರಾಗ ರಾಜಕುಮಾರನ ಮಾರಿ ಕರ್ರಗ ಕಾಣತೈತಲ್ಲ, ಕೂದಲ ಬೆಳ್ಳಗ ಕಾಣತಾವ" ಅಂದ್ಲು. ನಾನು ಕುಂತು ನೋಡಿದ್ರ ಚಿತ್ರ ಸರಿ ಐತಿ. ಅಕಿ ಬಾಜೂಕ ತಲಿ ಹಚ್ಚಿ ಮಲಕ್ಕೊಂಡು ನೋಡಿದೆ, ಖರೇನ ಫೋಟೋದ ನೆಗೆಟಿವ್ ಹಿಡದಂಗ ಕಾಣಸ್ತು. ಅಗ್ಗದ ಪ್ಲೇಯರಿನ್ಯಾಗ ಟಿಎನ್ ಅನ್ನೂ ಜಾತಿ ಪ್ಯಾನೆಲ್ ಹಾಕಿರ್ತಾರ, ಎದುರಿಗೆ ನೋಡಿದ್ರ ಏನೂ ಗೊತ್ತಾಗಂಗಿಲ್ಲ, ಕೆಳಗಿಂದ ನೋಡಿದ್ರ ಬಣ್ಣ ಉಲ್ಟಾ ಆಗ್ತಾವ. ಐಪಿಎಸ್ ಅನ್ನೂ ಪ್ಯಾನೆಲ್ ಇದ್ರ ಎಡಕ, ಬಲಕ, ಕೆಳಗ, ಯಾವ ಕಡಿಂದ ನೋಡಿದ್ರೂ ಬಣ್ಣ ಹಂಗ ಇರ್ತಾವ. ರೈಲಿನ್ಯಾಗ ನಾವು ಎದುರಿಗೆ ನೆಟ್ಟಗ ಕುಂತು ಎಷ್ಟೊತ್ತು ನೋಡ್ತೀವಿ? ಒಬ್ರು ಮಲಗಿರ್ತಾರ, ಒಬ್ರು ಕಾಲ ಕಡೆ ಕುಂತಿರ್ತಾರ, ಮಗು ಬಾಜೂದಿಂದ ಹಣಿಕಿ ಹಾಕ್ತೈತಿ. ಪ್ರಯಾಣಕ್ಕ ಅಂತ ತೊಗೊಳ್ಳೋದಾದ್ರ ನನ್ನ ಪ್ರಕಾರ ಇಂಚಿಗಿಂತ ಮೊದ್ಲ ಇದನ್ನ ನೋಡಬೇಕು.

ಎರಡನೇ ಸಲ ದುರ್ಗದ ಬೈಲ್ ಕಡೆ ಒಂದ್ ಸಣ್ಣ ಅಂಗಡಿಗೆ ಹೋದ್ವಿ, ಅವ್ವನ್ನೂ ಕರಕೊಂಡು. ಅಂಗಡಿ ಕಾಕಾ ವಯಸ್ಸಾದವ್ರು, ನಾನು ಪೆನ್‌ಡ್ರೈವ್ ತಗದು ಇದನ್ನ ಹಚ್ಚಿ ನೋಡಬೇಕ್ರಿ ಅಂದ್ರ ಒಂದ್ ಮಾತೂ ಅನ್ನದ ಮೂರ್ ಪ್ಲೇಯರ್ ತಗದು ಕೌಂಟರ್ ಮ್ಯಾಲೆ ಇಟ್ರು. ಮಲಕ್ಕೊಂಡು ನೋಡೋರ ಸಲುವಾಗಿ ಅಂತ ಹೇಳಿದೆ, ತಾವ ಒಂದ್ ಗಿಡ್ಡ ಸ್ಟೂಲ್ ತಂದು "ಅವ್ವಾರ, ಇದರ ಮ್ಯಾಲೆ ಕುಂದ್ರ್ರಿ" ಅಂದು ಪ್ಲೇಯರ್ ಎತ್ತರಕ್ಕ ಹಿಡಕೊಂಡ್ರು, ಅವ್ವ ಕೆಳಗಿಂದ ನೋಡಿ ಒಂದನ್ನ ಬ್ಯಾಡ ಅಂದ್ಲು, ಎರಡನೇದನ್ನ ಬ್ಯಾಡ ಅಂದ್ಲು, ಮೂರನೇದಕ್ಕ ಹೂಂ ಅಂತ ಗೋಣು ಹಾಕಿದ್ಲು. ಅರ್ಧ ತಾಸು ಆತು, ಗಿರಾಕಿ ಬಂದು ನಿಂತಿದ್ರೂ ಅವಸರ ಮಾಡಲಿಲ್ಲ. ಆ ಕಾಕಾರಿಗೆ ಖರೇ ಕೈ ಮುಗೀಬೇಕು.

ತೊಗೊಂಡಿದ್ದು 10 ಇಂಚು, 1024 ಗುಣಿಲೆ 600, ಐಪಿಎಸ್, ಸ್ಕ್ರೀನ್ ತಿರುವಿ ಮಡಚೂವಂಥಾದ್ದು, ಡಿಸ್ಕ್ ಜೊತಿಗೆ ಪೆನ್‌ಡ್ರೈವ್ ಮತ್ತ ಮೆಮೊರಿ ಕಾರ್ಡ್ ಹಚ್ಚಾಕ ಜಾಗ, 6,800 ರೂಪಾಯಿ. ಮೊದಲಿನದಕ್ಕ ಹೋಲಿಸಿದ್ರ ಚುಕ್ಕಿ ಲೆಕ್ಕದಾಗ ಐದೂವರೆ ಪಟ್ಟು ಹತ್ರ ಆತು. ಕಂಪನಿ ಹೆಸರು ಬರಿಯಂಗಿಲ್ಲ, ಯಾಕಂದ್ರ ಇಂಥಾ ಪ್ಲೇಯರ್ ಒಂದ ಮಾಲು ನಾಕ ಹೆಸರಿನ್ಯಾಗ ಬರ್ತೈತಿ, ಹೆಸರಿಗಿಂತ ಸ್ಕ್ರೀನಿನ ಚುಕ್ಕಿ ಎಷ್ಟು, ಪ್ಯಾನೆಲ್ ಐಪಿಎಸ್ ಹೌದೇನು, ನಿಮ್ಮ ಪೆನ್‌ಡ್ರೈವ್ ನಡಸ್ತೈತೇನು, ಈ ಮೂರ್ ಮಾತು ಕೇಳಿ ತೊಗೊಳ್ಳೋದು ಚೊಲೊ.

ಪೆನ್‌ಡ್ರೈವ್ ಅಂಗಡಿಗೆ ಒಯ್ರಿ ಅಂತ ಯಾಕ ಹೇಳಾಕತ್ತೀನಿ ಅಂದ್ರ, ಇವು ಎಲ್ಲಾ ಫೈಲ್ ನಡಸಂಗಿಲ್ಲ. ಮೊಬೈಲಿನ್ಯಾಗ ಚೊಲೊ ನಡೀತಿದ್ದ ಒಂದ್ ಪಿಕ್ಚರ್ ಇದರಾಗ ಹಚ್ಚಿದ್ರ ಹೆಸರ ತೋರಸಲಿಲ್ಲ, ಅದು ಎಚ್.265 ಅನ್ನೂ ಹೊಸಾ ಜಾತಿ ವಿಡಿಯೊ ಇತ್ತು. ಇನ್ನೊಂದು ಹಚ್ಚಿದ್ರ ಚಿತ್ರ ಬರ್ತೈತಿ ಧ್ವನಿ ಇಲ್ಲ, ಅದರ ಆಡಿಯೊ ಡಿಟಿಎಸ್ ಅನ್ನೂ ಜಾತಿದು ಇತ್ತು. 32 ಜಿಬಿ ಪೆನ್‌ಡ್ರೈವ್ ಫ್ಯಾಟ್32 ಅನ್ನೂ ಹಳೇ ಪದ್ಧತಿಯೊಳಗ ಫಾರ್ಮ್ಯಾಟ್ ಮಾಡಿದ್ದಕ್ಕ 4 ಜಿಬಿಗಿಂತ ದೊಡ್ಡ ಫೈಲ್ ಕಾಪಿನ ಆಗಲಿಲ್ಲ, ಅದನ್ನ ಬ್ಯಾರೆ ರೀತಿ ಫಾರ್ಮ್ಯಾಟ್ ಮಾಡಿದ್ರ ಪ್ಲೇಯರ್ ಪೆನ್‌ಡ್ರೈವ್ ಗುರುತ ಹಿಡಿಯಂಗಿಲ್ಲ. ಕಡೀಕ ಮನಿಯವ್ರು ಕಂಪ್ಯೂಟರಿನ್ಯಾಗ ವಿಡಿಯೊ ಫೈಲ್ ಬದಲಿಸೂ ಹ್ಯಾಂಡ್‌ಬ್ರೇಕ್ ಅಂತ ಬಿಟ್ಟಿ ಸಾಫ್ಟ್‌ವೇರ್ ಹಾಕಿ ಎಲ್ಲಾ 720ರ ಎಂಪಿ4, ಎಚ್.264, ಆಡಿಯೊ ಎಎಸಿ ಮಾಡಿ ಹಾಕಿ ಕೊಟ್ರು, ಆಮ್ಯಾಲ ಒಂದೂ ಕೈ ಕೊಟ್ಟಿಲ್ಲ. ಎರಡೂವರೆ ತಾಸಿನ ಪಿಕ್ಚರ್ ಒಂದ್ ಒಂದೂಕಾಲು ಜಿಬಿ ಆಗ್ತೈತಿ, ಇಷ್ಟು ಸ್ಕ್ರೀನಿಗೆ ಅದು ಭರಪೂರ, 64 ಜಿಬಿ ಕಾರ್ಡಿನ್ಯಾಗ ನಲವತ್ತರ ಮ್ಯಾಲೆ ಕುಂದರ್ತಾವ. ಅಂದಂಗ ಮೊಬೈಲ್ ಅಂಗಡಿಯೊಳಗ ಹೊಸಾ ಪಿಕ್ಚರ್ ತುಂಬಿ ಕೊಡ್ತೀವಿ ಅಂತಾರಲ್ಲ, ಅದನ್ನ ಮಾಡಸಬ್ಯಾಡ್ರಿ, ಅದು ಕಳ್ಳ ಕಾಪಿ, ಜೀವ ತೇಯ್ದು ಪಿಕ್ಚರ್ ಮಾಡಿದವ್ರ ಹೊಟ್ಟಿ ಮ್ಯಾಲೆ ಹೊಡದಂಗ.

ಬ್ಯಾಟರಿ ಮಾತು. ಡಬ್ಬಿ ಮ್ಯಾಲೆ 5 ತಾಸು ಅಂತ ಐತಿ. ಡಿಸ್ಕ್ ಹಾಕಿದ್ರ ನಮಗ ಬಂದಿದ್ದು ಎರಡೂ ಮುಕ್ಕಾಲು ತಾಸು, ಕಾರ್ಡಿನಿಂದ ನೋಡಿದ್ರ ಮೂರೂವರೆ ಮ್ಯಾಲೆ, ಯಾಕಂದ್ರ ಡಿಸ್ಕ್ ತಿರಗಸೂ ಮೋಟಾರಿಗೆ ಕರೆಂಟ್ ಹೋಗ್ತೈತಿ. ಎರಡ ಪ್ಲೇಯರಿನ ಬ್ಯಾಟರಿ ಮ್ಯಾಲೆ ಬರದ ಎಂಎಎಚ್ ನಂಬರ್ ಹೋಲಿಸೋದಾದ್ರ ವೋಲ್ಟೂ ನೋಡ್ರಿ, 7.4 ವೋಲ್ಟಿನ 2,500 ಮತ್ತ 3.7 ವೋಲ್ಟಿನ 5,000 ಎರಡೂ ಒಂದ, ಗುಣಿಸಿ ಸಾವಿರದಿಂದ ಭಾಗಿಸಿದ್ರ 18.5 ವ್ಯಾಟ್ ಅವರ್ ಬರ್ತೈತಿ. ಇದನ್ನ ಕಾಕಾ ಹೇಳಿದ್ದು, ನನಗ ಗೊತ್ತಿರಲಿಲ್ಲ.

ಚಾರ್ಜಿಂಗ್ ಇದರದ್ದು ದೊಡ್ಡ ಕೊರತಿ. ದುಂಡನೆ ಪಿನ್ನಿನ ಅಡಾಪ್ಟರ್ ಕೊಟ್ಟಾರ, ಟೈಪ್-ಸಿ ಇಲ್ಲ, ಅಂದ್ರ ಮನಿಯಾಗಿನ ಪವರ್‌ಬ್ಯಾಂಕ್ ಇದಕ್ಕ ನಡಿಯಂಗಿಲ್ಲ. ಗಾಡಿಯೊಳಗಿನ ಸಾಕೆಟ್ ಭಾಳ ಬೋಗಿಯೊಳಗ 110 ವೋಲ್ಟ್, ಅಡಾಪ್ಟರ್ ಮ್ಯಾಲೆ 100-240 ಅಂತ ಬರದಿದ್ರ ಹಚ್ಚಾಕ ಏನೂ ಹೆದರಿಕಿ ಇಲ್ಲ, ಬರೇ 220 ಅಂತ ಇದ್ರ ತೊಗೊಳ್ಳಬ್ಯಾಡ್ರಿ. ರಾತ್ರಿ 11ರಿಂದ ಮುಂಜಾನಿ 5ರ ತನಕ ಸಾಕೆಟ್ ಬಂದ್ ಮಾಡೂ ರೂಲ್ ಬ್ಯಾರೆ ಐತಿ, ಅದಕ್ಕ ಊಟದ ಹೊತ್ತಿನ್ಯಾಗ ಹಚ್ಚಿ ತುಂಬಿಸಿ ಇಟ್ಕೋಬೇಕು. ನಾವು ಮೀರಜ್ ಬರೂದ್ರಾಗ ತುಂಬಿಸಿ ಇಟ್ವಿ.

ಸ್ಪೀಕರ್ ಬಗ್ಗೆ ಬರಿಯೂವಂಥಾದ್ದು ಏನೂ ಇಲ್ಲ, ಮನಿಯಾಗ ಕೇಳಸ್ತೈತಿ, ಓಡೂ ಗಾಡಿಯೊಳಗ ಕೇಳಸಂಗಿಲ್ಲ. ಮತ್ತ ಬಾಜೂದವ್ರಿಗೂ ತ್ರಾಸ ಕೊಡಬಾರದು, ರಾತ್ರಿ 10 ಆದ ಮ್ಯಾಲೆ ಅಂತೂ ಧ್ವನಿ ಇಡೂವಂಗಿಲ್ಲ. ಇದಕ್ಕ ಎರಡ ಹೆಡ್‌ಫೋನ್ ತೂತು ಅದಾವ, ಅದು ನಮಗ ಭಾಳ ಉಪಯೋಗಕ್ಕ ಬಂತು. ಅವ್ವಗ ಕಿವಿಯೊಳಗ ತುರಕೂವಂಥಾದ್ದು ಆಗಂಗಿಲ್ಲ, ಮ್ಯಾಲೆ ಹಾಕ್ಕೊಳ್ಳೂ ಮೆತ್ತನ ಹೆಡ್‌ಫೋನ್ ವೈರಿಂದು 450ಕ್ಕ ತೊಗೊಂಡ್ವಿ. ಪುಣೆ ದಾಟಿದ ಮ್ಯಾಲೆ ಒಂದ್ ಹೆಡ್‌ಫೋನ್ ಅಕಿಗೆ, ಇನ್ನೊಂದು ನನಗ, ಇಬ್ರೂ ಒಂದ ಬರ್ಥಿನ ಮ್ಯಾಲೆ ತಲಿ ಕೂಡಿಸಿ ಹಳೇ ಪಿಕ್ಚರ್ ನೋಡಿದ್ವಿ. ಹಂಗ ಅವ್ವನ ಕೂಡ ಕುಂತು ಪೂರ್ತಿ ಒಂದ್ ಪಿಕ್ಚರ್ ನೋಡಿ ನನಗ ಇಪ್ಪತ್ತು ವರ್ಷದ ಮ್ಯಾಲಾಗಿತ್ತು.

ಇನ್ನೊಂದು ಗೊತ್ತಿರಲಿ, ಫೈಲಿನ ಹೆಸರು ಕನ್ನಡದಾಗ ಇಟ್ರ ಇದರಾಗ ಚೌಕ ಚೌಕ ಡಬ್ಬಿ ಕಾಣಸ್ತಾವ, ಒಂದ್ ಅಕ್ಷರ ಬರಂಗಿಲ್ಲ. ನಮ್ಮ ನಾಡಿನ್ಯಾಗ ಮಾರೂ ಸಾಮಾನಿನ್ಯಾಗ ನಮ್ಮ ಅಕ್ಷರ ಇಲ್ಲ ಅಂದ್ರ ಬ್ಯಾಸರ ಆಗ್ತೈತಿ, ಕಂಪನಿಯವ್ರು ಇದನ್ನ ಮಾಡಾಕಬೇಕು. ಅವ್ವಗ ಇಂಗ್ಲಿಷ್ ಓದಾಕ ಬರಂಗಿಲ್ಲ, ಅದಕ್ಕ ನಾವು ಬರೇ 01, 02, 03 ಅಂತ ನಂಬರ್ ಹಾಕಿ ಇಟ್ವಿ. ಅವ್ವ ಒಂದ್ ಸಣ್ಣ ನೋಟ್‌ಬುಕ್ ಮಾಡ್ಯಾಳ, ನಂಬರ್ ಎದುರಿಗೆ ತನ್ನ ಕೈಲೆ ಬರಕೊಂಡಾಳ, ಇದು ಅಪ್ಪಾರ ಪ್ರವಚನ, ಇದು ಭೀಮಸೇನ ಜೋಶಿಯವ್ರ ಹಾಡು, ಇದು ರಾಜಕುಮಾರ ಪಿಕ್ಚರು, ಅಂತ. ರಿಮೋಟಿನ್ಯಾಗ ಆ ನಂಬರ್ ಒತ್ತಿದ್ರ ಅದ ಶುರು ಆಗ್ತೈತಿ, ಯಾರನ್ನೂ ಕರಿಯಂಗಿಲ್ಲ.

ಬಂದ್ ಮಾಡಿ ಹಚ್ಚಿದ್ರ ಡಿಸ್ಕ್ ನಿಂತಲ್ಲಿಂದ ಶುರು ಆಗ್ತೈತಿ, ಕಾರ್ಡಿನ್ಯಾಗ ಆ ನೆನಪು ಇರಂಗಿಲ್ಲ, ಮೊದಲಿಂದನ ಬರ್ತೈತಿ. ಇದೂ ಒಂದ್ ಕೊರತಿನ. ಆದ್ರ ರಿಮೋಟಿನ್ಯಾಗ ಗೋಟು ಅಂತ ಬಟನ್ ಐತಿ, ಒತ್ತಿ ಎಷ್ಟ ನಿಮಿಷ ಅಂತ ಕೊಟ್ರ ಅಲ್ಲಿಗೇ ಹೋಗ್ತೈತಿ. ಅವ್ವಗ ಒಂದ್ ಸಲ ತೋರಿಸಿದ್ದೆ. ದಿಲ್ಲಿಯಿಂದ ಬರೂ ಮುಂದ ಆಗ್ರಾ ದಾಟಿದ ಮ್ಯಾಲೆ ಅಕಿಗೆ ನಿದ್ದಿ ಬಂತು, ಹೆಡ್‌ಫೋನ್ ತಗದು, ತಲಿದಿಂಬಿನ ಕೆಳಗಿಂದ ನೋಟ್‌ಬುಕ್ ತಗದು, ಕನ್ನಡಕ ಏರಿಸಿ, 14ನೇ ನಂಬರಿನ ಮುಂದ 48 ಅಂತ ಬರದು, ಪ್ಲೇಯರ್ ಮಡಚಿ ನನ್ನ ಕೈಗೆ ಕೊಟ್ಲು.