ಮಿತಭಾಷಿ ಅರ್ಲ್ ಮತ್ತು ಕರಾರುಪತ್ರ ಓದುವ ನಾಯಕಿ: ಒಂದು ಪ್ರೇಮಕಾದಂಬರಿಯ ವಿಮರ್ಶೆ

ದೊರೆ ಮೂರನೆಯ ಜಾರ್ಜ್ ಅಸ್ವಸ್ಥನಾಗಿದ್ದಾಗ ಅವನ ಮಗ ರಾಜ್ಯಭಾರ ನೋಡಿಕೊಂಡ 1811ರಿಂದ 1820ರವರೆಗಿನ ವರ್ಷಗಳನ್ನು ಇಂಗ್ಲೆಂಡಿನಲ್ಲಿ ರೀಜೆನ್ಸಿ ಕಾಲವೆನ್ನುತ್ತಾರೆ. ಆ ಕಾಲದಲ್ಲಿ ನಡೆಯುವ ಈ ಕಾದಂಬರಿಯ ಹಂದರ ಹೊಸದೇನಲ್ಲ. ಯಾರೊಡನೆಯೂ ಬೆರೆಯದೆ, ಮಾತನ್ನು ಅಳೆದು ಆಡುವ ಅರ್ಲ್ (ಇಂಗ್ಲೆಂಡಿನ ಕುಲೀನರ ಒಂದು ಬಿರುದು) ಒಬ್ಬ. ತಂದೆ ಬಿಟ್ಟುಹೋದ ನೂಲಿನ ಗಿರಣಿಯ ಲೆಕ್ಕವನ್ನು ತಾನೇ ನೋಡಿಕೊಳ್ಳುವ, ಅನಿಸಿದ್ದನ್ನು ಎದುರಿಗೇ ಹೇಳಿಬಿಡುವ 24 ವರ್ಷದ ನಾಯಕಿ. ಶಿವಮೊಗ್ಗದ ಪುಸ್ತಕದಂಗಡಿಯಲ್ಲಿ ಇಂಥ ಮುಖಪುಟದ ಕಾದಂಬರಿಗಳ ನಡುವೆ ಇದನ್ನೇ ಎತ್ತಿಕೊಳ್ಳಿ ಎಂದು ನಾನು ಹೇಳುವುದಕ್ಕೆ ಕಾರಣವಿದೆ: ಪ್ರೇಮವನ್ನೂ ಆಸ್ತಿಯನ್ನೂ ಬೇರ್ಪಡಿಸದೆ, ಎರಡನ್ನೂ ಒಂದೇ ಗಾಂಭೀರ್ಯದಿಂದ ಬರೆದ ಕಥೆಯಿದು.

ಆಗಿನ ಇಂಗ್ಲಿಷ್ ಕಾನೂನು ಮದುವೆಯಾದ ಹೆಣ್ಣಿಗೆ ಗಂಡನಿಂದ ಪ್ರತ್ಯೇಕವಾದ ಅಸ್ತಿತ್ವವನ್ನೇ ಒಪ್ಪುತ್ತಿರಲಿಲ್ಲ. ಅವಳ ಹಣ, ಒಡವೆ ಗಂಡನದಾಗುತ್ತಿದ್ದವು. ಜಮೀನಿನ ಉತ್ಪತ್ತಿಯೂ ಅವನ ಕೈಗೇ ಹೋಗುತ್ತಿತ್ತು. ಇದು ಬಹುಮಟ್ಟಿಗೆ ಬದಲಾದದ್ದು 1882ರ ಕಾಯ್ದೆಯಿಂದ. ಮರುಮದುವೆಗೆ ಅವಕಾಶ ಕೊಡುವಂಥ ವಿಚ್ಛೇದನ ಬೇಕೆಂದರೆ ಪಾರ್ಲಿಮೆಂಟಿನಲ್ಲಿ ಅದಕ್ಕೆಂದೇ ಒಂದು ಮಸೂದೆ ಅಂಗೀಕಾರವಾಗಬೇಕಿತ್ತು. ಹೀಗಿರುವಾಗ ಅರ್ಲ್ ಮೊದಲ ಸಲ ಕೇಳಿದಾಗ ನಾಯಕಿ ಒಲ್ಲೆನೆನ್ನುವುದು ಬಿಂಕವಲ್ಲ, ಲೆಕ್ಕ ಬಲ್ಲವಳ ಎಚ್ಚರ. ಗಂಡ ಸೋಮಶೇಖರ ನಾಯಕ ಸತ್ತ ಮೇಲೆ ಕೆಳದಿಯ ಚೆನ್ನಮ್ಮ ಸುಮಾರು 25 ವರ್ಷ ರಾಜ್ಯವಾಳಿದಳೆಂದೂ, ಔರಂಗಜೇಬನಿಗೆ ಅಂಜದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳೆಂದೂ ಕೇಳಿ ಬೆಳೆದ ನಮ್ಮ ಕಡೆಯವರಿಗೆ, ಅದಾಗಿ ನೂರು ವರ್ಷ ಕಳೆದ ಮೇಲೂ ಒಬ್ಬ ಗಿರಣಿಯ ಒಡತಿ ತಾಳಿಗೆ ಕೊರಳೊಡ್ಡಿದಷ್ಟೇ ಸಲೀಸಾಗಿ ತನ್ನ ಗಿರಣಿಯನ್ನು ಗಂಡನಿಗೆ ಒಪ್ಪಿಸಬೇಕಾಗಿತ್ತೆಂಬುದು ನಂಬಲು ಕಷ್ಟವಾಗುತ್ತದೆ.

ಕಾದಂಬರಿಯ ಜೀವ ಇರುವುದು ವಕೀಲರ ಕೋಣೆಯ ದೃಶ್ಯದಲ್ಲಿ. ಅರ್ಲ್ ಎರಡನೆಯ ಸಲ ಪ್ರೇಮನಿವೇದನೆ ಮಾಡುವುದಿಲ್ಲ. ಮದುವೆಯ ಕರಾರುಪತ್ರದ ಕರಡನ್ನು ಅವಳ ಮುಂದಿಡುತ್ತಾನೆ. ಗಿರಣಿ ಅವಳ ಪರವಾಗಿ ಆಸ್ತಿ ನೋಡಿಕೊಳ್ಳುವ ಧರ್ಮದರ್ಶಿಗಳ (ಟ್ರಸ್ಟಿಗಳ) ಹೆಸರಿನಲ್ಲಿದ್ದು, ಅದರ ಆದಾಯ ಅವಳ ಸ್ವಂತ ಉಪಯೋಗಕ್ಕೇ ಸಲ್ಲಬೇಕೆಂಬ ಷರತ್ತು ಅದರಲ್ಲಿದೆ. ಕಾನೂನಿನ ಕಟ್ಟುನಿಟ್ಟಿಗಿಂತ ನ್ಯಾಯಬುದ್ಧಿಗೆ ಒತ್ತು ಕೊಡುತ್ತಿದ್ದ ಚಾನ್ಸರಿ ನ್ಯಾಯಾಲಯ ಮಾನ್ಯ ಮಾಡುತ್ತಿದ್ದ ಈ ಏರ್ಪಾಡನ್ನು ಸಾಮಾನ್ಯವಾಗಿ ಹೆಣ್ಣಿನ ಕಡೆಯವರು ಪಟ್ಟು ಹಿಡಿದು ಬರೆಸುತ್ತಿದ್ದರು. ಇಲ್ಲಿ ಗಂಡೇ ಬರೆಸಿ ತಂದಿದ್ದಾನೆ. ಅವಳು ಕೈಗವಸು ತೆಗೆದಿಟ್ಟು, ಪ್ರತಿ ಸಾಲಿನ ಕೆಳಗೆ ಬೆರಳಿಟ್ಟು ಓದಿ, ಧರ್ಮದರ್ಶಿಗಳಲ್ಲಿ ಒಬ್ಬರ ಹೆಸರನ್ನು ಹೊಡೆದುಹಾಕಿ ಬೇರೆ ಹೆಸರು ಬರೆಯುತ್ತಾಳೆ. ಅವನು ಮಸಿಯ ಕುಡಿಕೆಯನ್ನು ಅವಳ ಹತ್ತಿರಕ್ಕೆ ಸರಿಸುತ್ತಾನೆ, ಅಷ್ಟೆ. ತೋಟ, ಮಳೆ, ಅಡಿಕೆ ಧಾರಣೆ ಬಿಟ್ಟು ಬೇರೆ ಮಾತೇ ಆಡದ, ಆದರೆ ಪಹಣಿಯಲ್ಲಿ ಹೆಂಡತಿಯ ಹೆಸರು ಸೇರಿಸಲು ತಾಲ್ಲೂಕು ಕಚೇರಿಗೆ ತಾವೇ ಅಲೆದ ಗಂಡಸರನ್ನು ತೀರ್ಥಹಳ್ಳಿ, ಸಾಗರದ ಕಡೆ ಕಂಡವರಿಗೆ ಈ ಅರ್ಲ್ ಅಪರಿಚಿತನಲ್ಲ.

ಲಂಡನ್ನಿನ ಆಲ್ಮ್ಯಾಕ್ಸ್ ಸಭಾಂಗಣದ ನೃತ್ಯದ ಅಧ್ಯಾಯಗಳು ಸಾಧಾರಣವಾಗಿವೆ. ಪ್ರವೇಶಪತ್ರ ಯಾರಿಗೆ ಕೊಡಬೇಕೆಂದು ತೀರ್ಮಾನಿಸುತ್ತಿದ್ದ ಶ್ರೀಮಂತ ಮಹಿಳೆಯರ ಅಧಿಕಾರವನ್ನು ಇನ್ನಷ್ಟು ದುಡಿಸಿಕೊಳ್ಳಬಹುದಿತ್ತು.

ಕೊನೆಯ ಭಾಗ ಮಾತ್ರ ನನಗೆ ನಿಜವಾಗಿ ಬೇಸರ ತಂದಿತು. ಚಿಕ್ಕಪ್ಪನ ಒಪ್ಪಿಗೆ ಇಲ್ಲವೆಂಬ ಒಂದೇ ಕಾರಣಕ್ಕೆ ಇಬ್ಬರೂ ಸ್ಕಾಟ್ಲೆಂಡಿನ ಗಡಿಯ ಗ್ರೆಟ್ನಾ ಗ್ರೀನ್‌ಗೆ ಓಡಿಹೋಗುತ್ತಾರೆ. 1753ರ ವಿವಾಹ ಕಾಯ್ದೆ ಹಿರಿಯರ ಒಪ್ಪಿಗೆಯನ್ನು ಕೇಳುತ್ತಿದ್ದದ್ದು 21 ತುಂಬದವರಿಗೆ. ಆ ಕಾಯ್ದೆ ಸ್ಕಾಟ್ಲೆಂಡಿಗೆ ಅನ್ವಯಿಸದಿದ್ದುದರಿಂದಲೇ ಎಳೆಯ ಜೋಡಿಗಳು ಅಲ್ಲಿಗೆ ಓಡುತ್ತಿದ್ದವು. 24ರ ನಾಯಕಿಗೆ ಆ ಗೊಡವೆಯೇ ಇಲ್ಲ. ಒಂದೊಂದು ಷರತ್ತನ್ನೂ ಓದಿ ತಿದ್ದಿದವಳಿಗೆ ಇಷ್ಟು ತಿಳಿಯದೆ? ರಾತ್ರಿಯಿಡೀ ಓಡುವ ಸಾರೋಟಿನ ರೋಮಾಂಚನಕ್ಕಾಗಿ ಅವಳ ಬುದ್ಧಿಯನ್ನು ಬಲಿಕೊಟ್ಟದ್ದು ಅನ್ಯಾಯ.

ಇಂಥ ಕಾದಂಬರಿಗಳನ್ನು ಹೊಸದಾಗಿ ಓದುವವರು ಡ್ಯೂಕ್, ಮಾರ್ಕ್ವೆಸ್, ಅರ್ಲ್, ವೈಕೌಂಟ್, ಬ್ಯಾರನ್ ಎಂಬ ಬಿರುದುಗಳ ಇಳಿಕೆಯ ಕ್ರಮವನ್ನು ನೆನಪಿಟ್ಟುಕೊಂಡರೆ ಮೊದಲ ಅಧ್ಯಾಯಗಳ ಔತಣದಲ್ಲಿ ಯಾರು ಯಾರಿಗಿಂತ ಮುಂದೆ ನಡೆಯುತ್ತಾರೆ, ನಾಯಕಿಯನ್ನು ಸಾಲಿನ ಕೊನೆಯಲ್ಲಿ ಏಕೆ ನಿಲ್ಲಿಸುತ್ತಾರೆ ಎಂಬುದು ಸುಲಭವಾಗಿ ಅರ್ಥವಾಗುತ್ತದೆ.