ಬೇರಿಂಗ್ ಬದಲಿಸುವ ಮೊದಲು ಟೈರಿನ ಮೇಲೆ ಕೈಯಾಡಿಸಿ ನೋಡಿ

ಕಳೆದ ನವೆಂಬರ್‌ನಲ್ಲಿ ಅಮ್ಮನನ್ನು ಕಣ್ಣಿನ ತಪಾಸಣೆಗೆಂದು ಮಂಗಳೂರಿಗೆ ಕರೆದೊಯ್ಯುತ್ತಿದ್ದಾಗ, ನಮ್ಮ ಕಾಸರಗೋಡು ಜಿಲ್ಲೆಯ ಬಂದ್ಯೋಡು ದಾಟಿ ಉಪ್ಪಳ ಇನ್ನೂ ಬಂದಿರದ ಜಾಗದಲ್ಲಿ, ನಮ್ಮ ಕಾರಿನ ಎಡ ಮುಂದಿನ ಟೈರಿನ ಮೇಲ್ಪದರ ಒಮ್ಮೆಲೇ ಕಿತ್ತು ಹೋಯಿತು. ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ಅದಕ್ಕೂ ಎರಡು ತಿಂಗಳ ಮೊದಲಿನಿಂದ ಆ ಟೈರು ತನ್ನ ಸ್ಥಿತಿಯನ್ನು ದಿನವೂ ಹೇಳುತ್ತಲೇ ಇತ್ತು. ಕೇಳಿಸಿಕೊಂಡವರೆಲ್ಲರೂ, ನನ್ನನ್ನೂ ಸೇರಿಸಿ, ಬೇರೆ ಏನನ್ನೋ ಅರ್ಥ ಮಾಡಿಕೊಂಡೆವು. ಆ ಎರಡು ತಿಂಗಳಲ್ಲಿ ಹಾಳಾಗದ ಭಾಗಗಳನ್ನು ಬದಲಿಸಲು ನಾನು ಕೊಟ್ಟದ್ದು 18,700 ರೂಪಾಯಿ.

ಕಾರು 2009ರ ಮಾದರಿಯದು. 13 ಇಂಚಿನ ಚಕ್ರಗಳ ಸಣ್ಣ ಪೆಟ್ರೋಲ್ ಗಾಡಿ, ಎಂಜಿನ್ನಿನ ಬಲವೆಲ್ಲ ಮುಂದಿನ ಚಕ್ರಗಳಿಗೆ. ನೀರ್ಚಾಲಿನಿಂದ ಸೀತಾಂಗೋಳಿ ಮಾರ್ಗವಾಗಿ ಕುಂಬಳೆಯ ಶಾಲೆಗೆ ಹೋಗಿ ಬರುವುದಕ್ಕೆ ಅದು ಸಾಕು. ಸೆಪ್ಟೆಂಬರ್‌ನಲ್ಲಿ, ಮಳೆ ಸ್ವಲ್ಪ ಬಿಡುವು ಕೊಟ್ಟ ವಾರ, ಹಿಂದಿನಿಂದ ಕಟಕಟ, ಮುಂದಿನಿಂದ ಗುಡುಗುಡು ಎಂದು ಎರಡು ಬಗೆಯ ಸದ್ದು ಕೇಳತೊಡಗಿತು. ಹಿಂದಿನದರ ಗುಟ್ಟು ಅದೇ ಸಂಜೆ ಬಯಲಾಯಿತು: ಡಿಕ್ಕಿಯಲ್ಲಿ ಗೋಣಿ ಸಾಗಿಸಿದಾಗ ಉದುರಿದ ಮೂರು ಗೋಟಡಿಕೆ ಸ್ಟೆಪ್ನಿಯ ಗುಂಡಿಯಲ್ಲಿ ಉರುಳಾಡುತ್ತಿದ್ದವು. ಇದು ಇಷ್ಟು ಸುಲಭದಲ್ಲಿ ಬಗೆಹರಿದದ್ದರಿಂದಲೇ ಇರಬೇಕು, ಇನ್ನೊಂದು ಸದ್ದನ್ನು ನಾನು ಕೆಲವು ದಿನ ಹಗುರವಾಗಿ ತೆಗೆದುಕೊಂಡೆ. ನಮ್ಮ ಒಳದಾರಿಗಳ ಹೊಂಡಗಳಲ್ಲಿ ಕಾರು ಹೇಗೂ ಕುಲುಕುತ್ತದೆ. ಆ ಕುಲುಕಾಟದಲ್ಲಿ ಎಂಥ ದೋಷವೂ ಅಡಗಿಕೊಳ್ಳಬಲ್ಲದು. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಹೆದ್ದಾರಿ ಷಟ್ಪಥವಾಗಿ ನುಣುಪಾದ ಮೇಲೆಯೇ, ಕುಂಬಳೆಯಲ್ಲಿ ಅದಕ್ಕೆ ಏರಿದಾಗ, ಸ್ಟೇರಿಂಗ್ ಅಂಗೈಯಲ್ಲಿ ಸಣ್ಣಗೆ ನಡುಗುವುದು ನನಗೆ ಸ್ಪಷ್ಟವಾಗಿ ಗೊತ್ತಾದದ್ದು.

ಮೊದಲ ತಪ್ಪು ನನ್ನದೇ. ನಾವು ಹೋಗುತ್ತಿದ್ದ ವರ್ಕ್‌ಶಾಪಿನ ಮೆಕ್ಯಾನಿಕ್ ಮಲಯಾಳಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಕಚೇರಿಯಲ್ಲಿ ಮಲಯಾಳ ಎಂದು ಬದುಕುವ ನಮ್ಮಂಥವರಿಗೆ ಮಾತು ತಡವರಿಸುವುದಿಲ್ಲ ಎಂಬ ಹೆಮ್ಮೆ ಇರುತ್ತದೆ. ಆದರೆ ಸದ್ದನ್ನು ಇನ್ನೊಂದು ಭಾಷೆಯಲ್ಲಿ ಹೇಳುವುದು ಬೇರೆಯೇ ಕೆಲಸ. ನಾನು ಹೇಳಬೇಕಾಗಿದ್ದದ್ದು ‘ಕುಲುಕ್ಕಂ’ ಎಂದು, ಹೇಳಿದ್ದು ‘ಮೂಳಲ್’ ಎಂದು. ಮೂಳಲ್ ಎಂದರೆ ಜೀರುಂಡೆಯಂತೆ ಎಡೆಬಿಡದೆ ಗುಂಯ್‌ಗುಡುವುದು. ಚಕ್ರದ ಕಡೆಯಿಂದ ಗುಂಯ್ ಎಂದರೆ ಯಾವ ಮೆಕ್ಯಾನಿಕ್ಕಾದರೂ ಮೊದಲು ನೆನೆಯುವುದು ಚಕ್ರ ಸರಾಗವಾಗಿ ತಿರುಗುವಂತೆ ಹಿಡಿದಿಡುವ ಬೇರಿಂಗನ್ನು. “ಟೀಚರೇ, ಹಳೇ ಗಾಡಿಯಲ್ವಾ, ಎರಡೂ ಕಡೆ ಒಟ್ಟಿಗೇ ಹಾಕಿಬಿಡುವಾ” ಎಂದರು. ಓಡಿಸಿ ನೋಡಲಿಲ್ಲ, ಜಾಕ್ ಏರಿಸಿ ಚಕ್ರ ಅಲ್ಲಾಡಿಸಿಯೂ ನೋಡಲಿಲ್ಲ. ಎರಡು ಬೇರಿಂಗ್ ಮತ್ತು ಕೂಲಿ ಸೇರಿ 4,600 ರೂಪಾಯಿ. ಸದ್ದು ಹಾಗೆಯೇ ಇತ್ತು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಎಂಜಿನ್ನನ್ನು ಹಿಡಿದಿಡುವ ಎಂಜಿನ್ ಮೌಂಟ್ ಎಂದು 3,900 ರೂಪಾಯಿ, ಎಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ದಂಡ, ಎರಡೂ ಕಡೆಯ ಆಕ್ಸಿಲ್ ಎಂದು 9,400 ರೂಪಾಯಿ, ನಡುವೆ ಎರಡು ಸಲ ವೀಲ್ ಬ್ಯಾಲೆನ್ಸಿಂಗ್ ಎಂದು 800 ರೂಪಾಯಿ. ತೆಗೆದ ಹಳೆಯ ಭಾಗಗಳನ್ನು ನಾನು ಕೇಳಲಿಲ್ಲ, ಅವರು ಕೊಡಲೂ ಇಲ್ಲ. ಬ್ಯಾಲೆನ್ಸಿಂಗ್ ಯಂತ್ರ ಎರಡು ಸಲವೂ ಸೊನ್ನೆ ತೋರಿಸಿದ್ದರಿಂದ ಟೈರಿನ ಮೇಲಿನ ಅನುಮಾನ ನನ್ನ ಮನಸ್ಸಿನಿಂದ ಪೂರ್ತಿ ಅಳಿಸಿಹೋಯಿತು. ನಾನು ಮೋಸ ಹೋದದ್ದು ಹೆಚ್ಚಾಗಿ ಇಲ್ಲಿಯೇ. ಆ ಯಂತ್ರ ಅಳೆಯುವುದು ತೂಕ ಸುತ್ತಲೂ ಸಮನಾಗಿ ಹಂಚಿಕೆಯಾಗಿದೆಯೇ ಎಂಬುದನ್ನು. ಟೈರು ದುಂಡಗಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಉಬ್ಬು ಬಂದ ಟೈರಿಗೂ ಸೀಸದ ತುಂಡು ಅಂಟಿಸಿ ತೂಕ ಸರಿದೂಗಿಸಬಹುದು, ರಸ್ತೆಯ ಮೇಲೆ ಆ ಉಬ್ಬು ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ನವೆಂಬರ್‌ನ ಆ ಬೆಳಿಗ್ಗೆ ವೇಗ 80ರ ಹತ್ತಿರ ಇತ್ತು. ಶಿರಿಯದ ಸೇತುವೆ ಕಳೆದ ಮೇಲೆ ನಡುಕ ಹೆಚ್ಚಾದಂತೆ ಅನಿಸಿತ್ತು. ಅಮ್ಮ ಕೂಡ “ಇವತ್ತೇನು ಸೀಟೇ ಅದುರ್ತಾ ಇದೆ” ಎಂದಿದ್ದರು. ಬಂದ್ಯೋಡಿನಾಚೆ ಯಾರೋ ಬಾಗಿಲಿಗೆ ದೊಣ್ಣೆಯಿಂದ ಬಡಿದಂತೆ ನಾಲ್ಕೈದು ಏಟು ಕೇಳಿಸಿ, ಕಾರು ಎಡಕ್ಕೆ ಎಳೆಯಿತು. ಬ್ರೇಕನ್ನು ಜೋರಾಗಿ ಒತ್ತದೆ, ಸ್ಟೇರಿಂಗನ್ನು ನೇರವಾಗಿ ಬಿಗಿಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು ವೇಗ ತಾನಾಗಿ ಇಳಿಯುವಂತೆ ಬಿಟ್ಟೆ. ಇದು ನನ್ನ ಜಾಣತನವಲ್ಲ. ಹೆದರಿಕೆಯಿಂದ ಕಾಲು ಬ್ರೇಕಿಗೆ ಹೋಗಲೇ ಇಲ್ಲ, ಅಷ್ಟೆ. ಇಳಿದು ನೋಡಿದರೆ ಟೈರಿನ ಬಟನ್, ಎಂದರೆ ನೆಲಕ್ಕೆ ತಾಗುವ ಹಲ್ಲುಗಳು, ಇರುವ ಪದರ ಅರ್ಧ ಸುತ್ತು ಕಿತ್ತು ನೇತಾಡುತ್ತಿತ್ತು, ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆ ಚೂರಾಗಿತ್ತು, ಮಡ್‌ಗಾರ್ಡಿನ ಅಂಚು ಹೊರಕ್ಕೆ ಮಡಚಿತ್ತು. ಬ್ರೇಕಿನ ರಬ್ಬರ್ ಕೊಳವೆಗೂ ಆ ಪಟ್ಟಿಗೂ ನಡುವೆ ಎರಡು ಬೆರಳಿನಷ್ಟು ಜಾಗ ಇತ್ತು.

ದಾರಿಹೋಕರೊಬ್ಬರು ಫೋನ್ ಮಾಡಿ ಸರ್ವಿಸ್ ರಸ್ತೆಯ ಪಂಕ್ಚರ್ ಅಂಗಡಿಯ ಹುಡುಗನನ್ನು ಕರೆಸಿದರು. ಎರಡು ತಿಂಗಳಲ್ಲಿ ಯಾರೂ ಮಾಡದ ಕೆಲಸವನ್ನು ಅವನು ಐದು ನಿಮಿಷದಲ್ಲಿ ಮಾಡಿದ. ಕಿತ್ತುಬಂದ ಪದರವನ್ನು ಮಡಚಿ ಒಳಭಾಗವನ್ನು ತೋರಿಸಿದ. ರೇಡಿಯಲ್ ಟೈರಿನಲ್ಲಿ ಬಟನ್ನಿನ ಕೆಳಗೆ ಉಕ್ಕಿನ ತಂತಿಗಳ ಪಟ್ಟಿಗಳಿರುತ್ತವೆ. ಅವು ಹೊಳೆಯಬೇಕಾದ ಕಡೆ ಬೆಲ್ಲದ ಬಣ್ಣಕ್ಕೆ ತಿರುಗಿ, ಉಜ್ಜಿದರೆ ಕಂದು ಪುಡಿ ಬೆರಳಿಗೆ ಅಂಟುತ್ತಿತ್ತು. ಜಲ್ಲಿ ಚುಚ್ಚಿ ಸಣ್ಣ ಗಾಯವಾದರೂ ಸಾಕು, ಮಳೆಗಾಲದಲ್ಲಿ ಅದರ ಮೂಲಕ ನೀರು ಇಳಿದು ತಂತಿ ತುಕ್ಕು ಹಿಡಿಯುತ್ತದೆ, ರಬ್ಬರಿಗೂ ತಂತಿಗೂ ಇದ್ದ ಹಿಡಿತ ಬಿಡುತ್ತದೆ, ಬಿಟ್ಟ ಜಾಗ ಬಿಸಿಯಾಗಿ ಉಬ್ಬುತ್ತದೆ. ಟೈರು ಹಳತಾಗಿದ್ದರೆ, ಗಾಳಿ ಕಡಿಮೆ ಇದ್ದರೆ, ಇದೆಲ್ಲ ಇನ್ನೂ ಬೇಗ ಆಗುತ್ತದೆ. ಆಮೇಲೆ ಅವನು ಬಲಗಡೆಯ ಚಕ್ರಕ್ಕೆ ಜಾಕ್ ಕೊಟ್ಟು, ಟೈರಿಗೆ ಬಟ್ಟೆ ಸುತ್ತಿ, “ಟೀಚರೇ, ಇಲ್ಲಿ ಕೈ ಇಡಿ, ನಾನು ತಿರುಗಿಸ್ತೇನೆ” ಎಂದ. ತಂತಿ ಹೊರಗೆ ಬಂದಿದ್ದರೆ ಕೈ ಸೀಳುತ್ತದೆಂದು ಬಟ್ಟೆ. ನಿಧಾನವಾಗಿ ಸುತ್ತಿಸುವಾಗ ಒಂದು ಕಡೆ ಅಂಗೈ ಮೇಲಕ್ಕೆದ್ದು ಇಳಿಯಿತು. ಇನ್ನೊಂದು ಸುತ್ತು, ಮತ್ತೆ ಅಲ್ಲಿಯೇ. ಅದೂ ಬಿಡಲು ತಯಾರಾಗಿತ್ತು.

ಈ ಎರಡು ಟೈರುಗಳನ್ನು 2023ರ ಡಿಸೆಂಬರ್‌ನಲ್ಲಿ ಹೊಸದೆಂದೇ ಕೊಂಡಿದ್ದೆ. ಒಂದಕ್ಕೆ 500 ರೂಪಾಯಿ ಕಡಿತ ಎಂದಿದ್ದರು. ಬಿಲ್ಲಿನ ಬದಲು ಚೀಟಿ ಕೊಟ್ಟಿದ್ದರು. ಟೈರಿನ ಪಕ್ಕದಲ್ಲಿ ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುವ ನಾಲ್ಕು ಅಂಕೆಗಳಿರುತ್ತವೆಂದು ನನಗೂ ಗೊತ್ತಿತ್ತು, ಆಗ ಹುಡುಕಿಯೂ ಇದ್ದೆ, ಕಂಡಿರಲಿಲ್ಲ. ಎಷ್ಟೋ ಟೈರುಗಳಲ್ಲಿ ಆ ಅಂಕೆಗಳು ಒಂದೇ ಪಕ್ಕದಲ್ಲಿರುತ್ತವೆ. ಆ ಪಕ್ಕ ಕಾರಿನ ಒಳಮುಖಕ್ಕೆ ಬರುವಂತೆ ಜೋಡಿಸಿದರೆ ನೆಲಕ್ಕೆ ಮಲಗಿ ಟಾರ್ಚ್ ಹಾಕದ ಹೊರತು ಕಾಣುವುದಿಲ್ಲ. ಹುಡುಗ ಚಕ್ರ ಬಿಚ್ಚಿ ಮಗುಚಿ ಹಾಕಿದಾಗ ಓದಿದೆ: 1118. ಎಂದರೆ 2018ರ ಹನ್ನೊಂದನೆಯ ವಾರ. ನಾನು ಹೊಸದೆಂದು ಕೊಂಡ ದಿನ ಅದಕ್ಕೆ ಐದೂವರೆ ವರ್ಷ ದಾಟಿತ್ತು.

ಹಳೆಯ ಕಾರಿನಲ್ಲಿ ಸದ್ದಿನ ಬೆನ್ನು ಹತ್ತಿರುವವರು ವರ್ಕ್‌ಶಾಪಿಗೆ ಹೋಗುವ ಮೊದಲು ತಾವೇ ಲೆಕ್ಕ ಹಾಕಬಹುದಾದ ಒಂದು ಸಂಗತಿಯಿದೆ, ನನಗೆ ಅದು ತಡವಾಗಿ ಹೊಳೆಯಿತು. ನನ್ನ ಕಾರಿನ ಟೈರು ಒಂದು ಸುತ್ತಿಗೆ ಸುಮಾರು 1.7 ಮೀಟರ್ ಉರುಳುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಐದೂವರೆ ಮೀಟರ್, ಅಂದರೆ ಸೆಕೆಂಡಿಗೆ ಮೂರು ಸುತ್ತು ಮತ್ತು ಸ್ವಲ್ಪ. ಆ ವೇಗದಲ್ಲಿ ಸೆಕೆಂಡಿಗೆ ಮೂರು ಸಲ ಗುಡುಗುಟ್ಟಿದರೆ ತೊಂದರೆ ಚಕ್ರದ ಜೊತೆಗೇ ಸುತ್ತುತ್ತಿದೆ, ಎಂಜಿನ್ನಿನ ಜೊತೆಗಲ್ಲ. ಎಂಜಿನ್ ಸುಮ್ಮನೆ ನಿಂತಲ್ಲೇ ಸೆಕೆಂಡಿಗೆ ಹನ್ನೆರಡು ಹದಿಮೂರು ಸುತ್ತು ಹಾಕುತ್ತಿರುತ್ತದೆ. ಖಾಲಿ ಸಮತಟ್ಟು ದಾರಿಯಲ್ಲಿ ಕ್ಲಚ್ ಒತ್ತಿದ ಮೇಲೂ ಸದ್ದು ಬದಲಾಗದಿದ್ದರೆ ಎಂಜಿನ್ ಮತ್ತು ಮೌಂಟ್ ಬಹುಮಟ್ಟಿಗೆ ನಿರಪರಾಧಿಗಳು. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ನಡುಗಿ ಕಾಲು ತೆಗೆದರೆ ನಿಲ್ಲುವುದಾದರೆ ಆಕ್ಸಿಲಿನ ಒಳಜಾಯಿಂಟನ್ನು, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟಕಟಕ ಎಂದರೆ ಅದರ ಹೊರಜಾಯಿಂಟನ್ನು, ಬ್ರೇಕ್ ಒತ್ತಿದಾಗ ಮಾತ್ರ ಅದುರಿದರೆ ಡಿಸ್ಕನ್ನು ಅನುಮಾನಿಸಬೇಕು. ಮುಂದಿನ ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸಿ ಓಡಿಸಿದಾಗ ನಡುಕ ಸ್ಟೇರಿಂಗ್ ಬಿಟ್ಟು ಸೀಟಿಗೆ ಬಂದರೆ ಅದು ಟೈರು ಅಥವಾ ರಿಮ್ಮಿನದೇ. ಇದಕ್ಕೆ ತಗಲುವ ಖರ್ಚು ನೂರಿನ್ನೂರು ರೂಪಾಯಿ. ನನ್ನ ವಿಷಯದಲ್ಲಿ 18,700 ರೂಪಾಯಿಗೆ ಮೊದಲು ಇದನ್ನು ಮಾಡಬೇಕಿತ್ತು. ಚಕ್ರ ಬಿಚ್ಚಿ ಹಾಕಿದ ಮರುದಿನವೇ ಗಡಗಡ ಶುರುವಾದರೆ ಮಾತ್ರ ಯಾವ ಲೆಕ್ಕಕ್ಕೂ ಕೂರದೆ ಅಲ್ಲೇ ನಿಲ್ಲಿಸಿ ನಟ್ಟುಗಳನ್ನು ನೋಡಿ.

ಟೈರು ಕೊಟ್ಟ ಅಂಗಡಿಗೆ ಹೋದೆ. ಚೀಟಿಯಲ್ಲಿ ಅಂಗಡಿಯ ಹೆಸರಿಲ್ಲ, ಟೈರಿನ ಸಂಖ್ಯೆಯಿಲ್ಲ, ಆದ್ದರಿಂದ ತಮ್ಮದಲ್ಲ ಎಂದರು. ಗ್ರಾಹಕ ಆಯೋಗದಲ್ಲಿ ಐದು ಲಕ್ಷದೊಳಗಿನ ದೂರಿಗೆ ಶುಲ್ಕವಿಲ್ಲ, ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು ಎಂಬುದನ್ನು ಸಹೋದ್ಯೋಗಿಯೊಬ್ಬರು ಹೇಳಿದರು. ಆದರೆ ಬಿಲ್ಲಿಲ್ಲದೆ ನಾನು ತೋರಿಸಬಹುದಾದದ್ದು ಹರಿದ ಟೈರನ್ನು ಮಾತ್ರ. ಅದು ಈಗ ನಮ್ಮ ಸೌದೆ ಕೊಟ್ಟಿಗೆಯಲ್ಲಿದೆ.

ನಾಲ್ಕೂ ಹೊಸ ಟೈರು ಹಾಕಿಸಿದೆ. ಅಂಕೆಗಳನ್ನು ಮೊದಲೇ ಓದಿ, ಬಿಲ್ಲಿನಲ್ಲಿ ಬರೆಸಿ, ಆ ಪಕ್ಕ ಹೊರಗೆ ಬರುವಂತೆ ಜೋಡಿಸಿ ಎಂದದ್ದಕ್ಕೆ ಅಂಗಡಿಯವರು ಸ್ವಲ್ಪ ಗೊಣಗಿದರು. ಗುಡುಗುಡು ನಿಂತಿತು. ಆದರೆ ಹೋದ ವಾರದಿಂದ ಹೆದ್ದಾರಿಯಲ್ಲಿ 50 ದಾಟಿದೊಡನೆ ಸಣ್ಣಗೆ ಗುಂಯ್ ಎನ್ನತೊಡಗಿದೆ. ಬಲಕ್ಕೆ ತಿರುಗುವಾಗ, ಎಂದರೆ ಭಾರವೆಲ್ಲ ಎಡಗಡೆಯ ಚಕ್ರಗಳ ಮೇಲೆ ಬೀಳುವಾಗ ಜೋರಾಗುತ್ತದೆ, ಎಡಕ್ಕೆ ತಿರುಗುವಾಗ ತಗ್ಗುತ್ತದೆ. ಸೆಪ್ಟೆಂಬರ್‌ನಲ್ಲಿ ಅನಗತ್ಯವಾಗಿ ಹೊಸದು ಹಾಕಿಸಿದ ಎಡ ಬೇರಿಂಗೇ ಈಗ ಕೆಟ್ಟಿರಬೇಕು. ಈ ಸಲ ನಿಜವಾಗಿಯೂ ಮೂಳಲ್.